ಸೊಂಟನೋವಿಗೆಂದು ಯೋಗಾಭ್ಯಾಸಕ್ಕೆ ಇಳಿದ ಮೇಲೆ

ನನ್ನನ್ನು ಯೋಗಾಭ್ಯಾಸದ ಕಡೆಗೆ ಕರೆತಂದವು ಎರಡು ತೊಂದರೆಗಳು: ಬಿಟ್ಟೂ ಬಿಡದೆ ಕಾಡುತ್ತಿದ್ದ ಸೊಂಟನೋವು ಮತ್ತು ನಡುರಾತ್ರಿ ಒಮ್ಮೆ ಎಚ್ಚರವಾದರೆ ಮತ್ತೆ ಬಾರದ ನಿದ್ರೆ. ಕರಡು ತಿದ್ದುವ ಕೆಲಸ ನನ್ನದು. ಕುತ್ತಿಗೆಯನ್ನು ಪರದೆಯ ಕಡೆಗೆ ಚಾಚಿ, ಬೆನ್ನನ್ನು ಗೂನಾಗಿಸಿಕೊಂಡು ಗಂಟೆಗಟ್ಟಲೆ ಕುಳಿತು ಏಳುವ ಹೊತ್ತಿಗೆ ಸೊಂಟವನ್ನು ನೆಟ್ಟಗೆ ಮಾಡಿಕೊಳ್ಳಲು ಮೇಜಿನ ಆಸರೆ ಬೇಕಾಗುತ್ತಿತ್ತು. ರಾತ್ರಿ ಮಲಗಿದಾಗ ಅದೇ ನೋವು ಮಗ್ಗುಲು ಬದಲಿಸುವಾಗಲೆಲ್ಲ ಎಬ್ಬಿಸುತ್ತಿತ್ತು; ಎದ್ದ ಮನಸ್ಸು ಮುಗಿಯದ ಕೆಲಸ, ಆಡಿದ ಮಾತು, ಆಡಬೇಕಿದ್ದ ಮಾತುಗಳನ್ನು ಹಿಡಿದುಕೊಂಡು ಬೆಳಗಿನವರೆಗೆ ಸುತ್ತುತ್ತಿತ್ತು. ನೋವು ದೇಹದ್ದು, ನಿದ್ರೆಗೇಡು ಮನಸ್ಸಿನದು ಎಂದು ಆಗ ನಾನು ಇವೆರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಟ್ಟಿದ್ದೆ. ಈಚಿನ ಕೆಲವು ವರ್ಷಗಳ ಅಭ್ಯಾಸ ನನಗೆ ಕೊಟ್ಟ ದೊಡ್ಡ ತಿಳಿವಳಿಕೆಯೆಂದರೆ, ಆ ಎರಡು ಲೆಕ್ಕಗಳೂ ಒಂದೇ ಕಡೆ ಕೂಡುತ್ತವೆ, ಮತ್ತು ಅವು ಕೂಡುವ ಜಾಗ ಉಸಿರು ಎಂಬುದು. ಅದು ಹೇಗೆ ಅರಿವಿಗೆ ಬಂತು ಎಂಬುದನ್ನು, ಅಭ್ಯಾಸ ಸಾಗಿದ ಕ್ರಮದಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ವೈದ್ಯರನ್ನು. ಕಾಲಿಗೆ ಜೋಮು ಹಿಡಿಯುತ್ತದೆಯೇ, ಪಾದದ ಬಲ ಕುಂದಿದೆಯೇ, ಮಲಮೂತ್ರಗಳ ಮೇಲಿನ ಹಿಡಿತದಲ್ಲಿ ಏನಾದರೂ ವ್ಯತ್ಯಾಸವಾಗಿದೆಯೇ, ಜ್ವರ ಬರುತ್ತದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ ಎಂದು ಅವರು ಒಂದೊಂದಾಗಿ ಕೇಳಿ, ಕಾಲುಗಳನ್ನು ಎತ್ತಿಸಿ ಇಳಿಸಿ ಪರೀಕ್ಷಿಸಿದರು. ಅಪಾಯದ ಸೂಚನೆಗಳು ಯಾವುವೂ ಇಲ್ಲವೆಂದು ಮನದಟ್ಟಾದ ಮೇಲೆ, ಈ ಬಗೆಯ ನೋವಿಗೆ ಹಾಸಿಗೆ ಹಿಡಿಯುವುದಕ್ಕಿಂತ ದೇಹವನ್ನು ಹದವಾಗಿ ಚಲಿಸುವುದೇ ಒಳ್ಳೆಯದೆಂದು ವಿವರಿಸಿದರು. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ದೀರ್ಘಕಾಲದ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ವ್ಯಾಯಾಮದ ಜೊತೆಗೆ ಯೋಗವನ್ನೂ ಸೇರಿಸಿದೆ. ನನ್ನ ವೈದ್ಯರೂ ಅದನ್ನೇ ಸೂಚಿಸಿದರು, ಆದರೆ ಒಂದು ಷರತ್ತಿನೊಂದಿಗೆ: ವಿಡಿಯೊ ನೋಡಿ ಶುರುಮಾಡಬೇಡಿ, ನಿಮ್ಮ ದೇಹವನ್ನು ಕಣ್ಣಿಂದ ನೋಡಿ ತಿದ್ದುವ ಒಬ್ಬರು ಎದುರಿಗಿರಲಿ. ಇದೇ ನೋವಿಗೆ ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಹೇಳುವುದೂ ಈ ಷರತ್ತನ್ನೇ.

ನನಗೆ ದೊರೆತ ಶಿಕ್ಷಕಿ ಬಹುಕಾಲದಿಂದ ಕಲಿಸುತ್ತಾ ಬಂದವರು, ಮಾತು ಕಡಿಮೆ. ಮೊದಲ ದಿನ ಅವರು ಯಾವ ಆಸನವನ್ನೂ ಹೇಳಿಕೊಡಲಿಲ್ಲ. ಕುಳ್ಳಿರಿಸಿಕೊಂಡು ಪ್ರಶ್ನೆಗಳನ್ನು ಕೇಳಿದರು. ರಕ್ತದೊತ್ತಡ ಎಷ್ಟಿದೆ, ಕಣ್ಣಿನ ಒತ್ತಡದ ತೊಂದರೆ ಇದೆಯೇ, ಹರ್ನಿಯಾ ಇದೆಯೇ, ಶಸ್ತ್ರಚಿಕಿತ್ಸೆಗಳು ಏನಾದರೂ ಆಗಿವೆಯೇ, ತಲೆಸುತ್ತು ಬರುತ್ತದೆಯೇ. ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಒಂದು ಕಾರಣವಿತ್ತು. ತಲೆ ಕೆಳಗಾಗುವ ಶೀರ್ಷಾಸನದಂಥ ಸ್ಥಿತಿಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುವುದರಿಂದ ಗ್ಲಾಕೋಮಾ ಇರುವವರು ಅವನ್ನು ಮಾಡಬಾರದು; ಹತೋಟಿಗೆ ಬಾರದ ಅಧಿಕ ರಕ್ತದೊತ್ತಡ ಇರುವವರಿಗೆ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ ಸಲ್ಲದು; ಡಿಸ್ಕ್ ಜಾರಿ ನರಕ್ಕೆ ಒತ್ತುತ್ತಿರುವವರು ಮುಂದಕ್ಕೆ ಬಾಗುವ ಆಸನಗಳಲ್ಲಿ ಎಚ್ಚರವಾಗಿರಬೇಕು. ಊಟವಾಗಿ ಮೂರು ನಾಲ್ಕು ಗಂಟೆಗಳಾದರೂ ಕಳೆದಿರಬೇಕು ಎಂಬ ನಿಯಮವನ್ನೂ ಆ ದಿನವೇ ಹೇಳಿದರು. ಯೋಗದಿಂದ ಎಲ್ಲರಿಗೂ ಎಲ್ಲವೂ ಒಳ್ಳೆಯದಾಗುತ್ತದೆ ಎನ್ನುವವರ ಮಾತಿಗಿಂತ, ಯಾರಿಗೆ ಯಾವುದು ಬೇಡ ಎಂದು ಮೊದಲೇ ಹೇಳಬಲ್ಲವರ ಮಾತಿನಲ್ಲಿ ನನಗೆ ಹೆಚ್ಚು ನಂಬಿಕೆ ಬಂತು.

ಮೊದಲ ಕೆಲವು ವಾರಗಳು ನಿಲ್ಲುವುದನ್ನು ಕಲಿಯುವುದರಲ್ಲಿಯೇ ಕಳೆದವು. ತಾಡಾಸನ ನೋಡುವವರಿಗೆ ಬರಿದೆ ನಿಂತಂತೆ ಕಾಣುತ್ತದೆ. ಆದರೆ ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಈ ಮೂರರ ಮೇಲೂ ಭಾರವನ್ನು ಸಮನಾಗಿ ಹಂಚಿ, ಮಂಡಿಯನ್ನು ಹಿಂದಕ್ಕೆ ಬೀಗಿಸದೆ, ಸೊಂಟವನ್ನು ಮುಂದಕ್ಕೂ ಹಿಂದಕ್ಕೂ ಓಲಿಸದೆ, ಪಕ್ಕೆಲುಬುಗಳನ್ನು ಉಬ್ಬಿಸದೆ ನಿಲ್ಲಲು ಹೊರಟಾಗ, ನನ್ನ ಭಾರವೆಲ್ಲ ಬಲಗಾಲಿನ ಹಿಮ್ಮಡಿಯ ಮೇಲೆಯೇ ಬೀಳುತ್ತಿರುವುದು ತಿಳಿಯಿತು. ಅಷ್ಟು ವರ್ಷ ನಿಂತಿದ್ದರೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ದೇಹದ ಯಾವ ಭಾಗ ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಸ್ನಾಯು, ಸ್ನಾಯುರಜ್ಜು ಮತ್ತು ಕೀಲುಗಳಲ್ಲಿರುವ ಸಂವೇದಕಗಳು ಮಿದುಳಿಗೆ ಸದಾ ಕಳುಹಿಸುತ್ತಲೇ ಇರುತ್ತವೆ. ಆಸನದ ಮೊದಲ ಪ್ರಯೋಜನ ಆ ಸುದ್ದಿಯನ್ನು ಕೇಳಿಸಿಕೊಳ್ಳುವುದನ್ನು ಕಲಿಸುವುದು ಎಂದು ನನಗೆ ಅನ್ನಿಸುತ್ತದೆ. ಬಲ, ಬಾಗುವಿಕೆ ಇವೆಲ್ಲ ಆಮೇಲಿನವು.

ಬಾಗುವ ಆಸನಗಳು ಬಂದಾಗ ಸೊಂಟನೋವಿನ ಮೂಲ ಅರ್ಥವಾಗತೊಡಗಿತು. ನಿಂತಲ್ಲಿಂದ ಮುಂದಕ್ಕೆ ಬಾಗುವ ಉತ್ತಾನಾಸನದಲ್ಲಿ ನನ್ನ ಬೆರಳುಗಳು ಮಂಡಿಯಿಂದ ಅಷ್ಟೇ ಕೆಳಗೆ ನಿಂತುಬಿಡುತ್ತಿದ್ದವು, ಮತ್ತು ಬಾಗುತ್ತಿದ್ದದ್ದು ಸೊಂಟದ ಕೀಲಲ್ಲ, ಕೆಳಬೆನ್ನು. ಶಿಕ್ಷಕಿ ಇದರ ಕಾರಣವನ್ನು ಅಸ್ಥಿಪಂಜರದ ಚಿತ್ರ ತೋರಿಸಿ ವಿವರಿಸಿದರು. ತೊಡೆಯ ಹಿಂಭಾಗದ ಉದ್ದನೆಯ ಸ್ನಾಯುಗಳ ಮೇಲಿನ ತುದಿ, ನಾವು ಕುಳಿತಾಗ ನೆಲಕ್ಕೆ ತಾಗುವ ಪೃಷ್ಠದ ಎಲುಬಿಗೆ ಅಂಟಿಕೊಂಡಿರುತ್ತದೆ. ಆ ಸ್ನಾಯುಗಳು ಬಿಗಿದುಕೊಂಡಿದ್ದರೆ ಬಾಗುವಾಗ ಅವು ಕಟಿಭಾಗವನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ. ಕಟಿ ತಿರುಗದಿದ್ದರೆ ಬಾಗಬೇಕಾದ ಹೊರೆಯೆಲ್ಲ ಕೆಳಬೆನ್ನಿನ ಮಣಿಗಳ ಪಾಲಿಗೆ ಬರುತ್ತದೆ. ಇನ್ನೊಂದು ಕಡೆ, ಕೆಳಬೆನ್ನಿನ ಮಣಿಗಳಿಂದ ಹೊರಟು ಹೊಟ್ಟೆಯ ಆಳದಲ್ಲಿ ಹಾದು ತೊಡೆಯ ಎಲುಬಿನ ಒಳಬದಿಗೆ ಸೇರುವ ಸೊವಾಸ್ ಎಂಬ ಸ್ನಾಯು ಇದೆ. ಇಡೀ ದಿನ ಕುಳಿತೇ ಇರುವವರಲ್ಲಿ ಅದು ಮೊಟಕಾದ ಸ್ಥಿತಿಯಲ್ಲಿಯೇ ಉಳಿದು, ಎದ್ದು ನಿಂತಾಗ ಬೆನ್ನನ್ನು ಮುಂದಕ್ಕೆ ಜಗ್ಗಬಹುದು. ಕುರ್ಚಿಯಿಂದ ಏಳುವಾಗ ನನಗೆ ಮೇಜಿನ ಆಸರೆ ಏಕೆ ಬೇಕಾಗುತ್ತಿತ್ತು ಎಂಬುದು ಈ ವಿವರಣೆಯಿಂದ ಮೊದಲ ಬಾರಿಗೆ ಸ್ಪಷ್ಟವಾಯಿತು.

ಚಿಕಿತ್ಸೆಯ ಕ್ರಮವೂ ಅಲ್ಲಿಂದಲೇ ಹೊರಟಿತು. ಉತ್ತಾನಾಸನದಲ್ಲಿ ಮಂಡಿಗಳನ್ನು ಧಾರಾಳವಾಗಿ ಮಡಿಸಿ, ಕೈಗಳ ಕೆಳಗೆ ಮರದ ಇಟ್ಟಿಗೆಗಳನ್ನು ಇಟ್ಟುಕೊಂಡು, ಬೆನ್ನನ್ನು ಉದ್ದವಾಗಿಯೇ ಉಳಿಸಿ ಸೊಂಟದ ಕೀಲಿನಿಂದ ಬಾಗುವುದು. ಬೆನ್ನ ಮೇಲೆ ಮಲಗಿ, ಪಾದಕ್ಕೆ ಬಟ್ಟೆಯ ಪಟ್ಟಿ ಹಾಕಿಕೊಂಡು, ಒಂದೊಂದೇ ಕಾಲನ್ನು ಮೇಲೆತ್ತಿ ಹಿಡಿಯುವ ಸುಪ್ತ ಪಾದಾಂಗುಷ್ಠಾಸನ. ಸೊವಾಸ್ ಸ್ನಾಯುವಿಗಾಗಿ ಒಂದು ಮಂಡಿಯನ್ನು ನೆಲಕ್ಕೂರಿ ಇನ್ನೊಂದು ಕಾಲನ್ನು ಮುಂದಿಡುವ ಅಂಜನೇಯಾಸನ. ಬೆನ್ನಿಗೆ ಬಲ ಬರಲು ಭುಜಂಗಾಸನ, ಶಲಭಾಸನ, ಸೇತುಬಂಧಾಸನ. ಇವುಗಳ ನಡುವೆ ಕೈ ಮತ್ತು ಮಂಡಿಗಳ ಮೇಲೆ ನಿಂತು ಬೆನ್ನನ್ನು ಉಸಿರಿನೊಂದಿಗೆ ಏರಿಸಿ ಇಳಿಸುವ ಮಾರ್ಜಾರಿಯನ್ನು ಅವರು ಎಷ್ಟು ಬಾರಿ ಮಾಡಿಸಿದರೂ ಸಾಲದೆಂಬಂತೆ ಮಾಡಿಸುತ್ತಿದ್ದರು. ಬೆಳೆದವರ ಬೆನ್ನಿನ ಡಿಸ್ಕುಗಳಿಗೆ ನೇರವಾದ ರಕ್ತಪೂರೈಕೆ ಇಲ್ಲವೆನ್ನುವಷ್ಟು ಕಡಿಮೆ. ಸುತ್ತಲಿನ ಅಂಗಾಂಶಗಳಿಂದ ಒಸರಿ ಬರುವ ದ್ರವದ ಮೂಲಕವೇ ಅವು ಪೋಷಣೆ ಪಡೆಯುತ್ತವೆ, ಮತ್ತು ಒತ್ತಡ ಏರಿ ಇಳಿಯುವ ಚಲನೆ ಆ ದ್ರವದ ಹೋಗಿಬರುವಿಕೆಗೆ ನೆರವಾಗುತ್ತದೆ. ದೀರ್ಘಕಾಲ ಅಲುಗಾಡದೆ ಕೂರುವುದು ಬೆನ್ನಿಗೆ ಏಕೆ ಹಿತವಲ್ಲ ಎಂಬುದಕ್ಕೆ ಇದಕ್ಕಿಂತ ಮನವೊಪ್ಪುವ ಕಾರಣ ನನಗೆ ಬೇರೆ ಕಡೆ ಸಿಕ್ಕಿಲ್ಲ.

ಇಟ್ಟಿಗೆ, ಪಟ್ಟಿ, ದಿಂಬುಗಳ ಬಳಕೆಯ ಬಗ್ಗೆ ಒಂದು ಮಾತು. ಇವು ಕೈಲಾಗದವರ ಊರುಗೋಲು ಎಂಬ ತಾತ್ಸಾರ ಕೆಲವರಲ್ಲಿದೆ. 1918ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿ ಸೊರಗಿದವರು. ಮೈಸೂರಿನಲ್ಲಿ ತಮ್ಮ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಆರೋಗ್ಯವನ್ನು ಮರಳಿ ಪಡೆದವರು. ಇಂಥ ಸಾಧನಗಳನ್ನು ಆಸನಾಭ್ಯಾಸಕ್ಕೆ ವ್ಯವಸ್ಥಿತವಾಗಿ ತಂದವರೂ ಅವರೇ. ರೋಗದ ದೇಹ ಎಂದರೇನೆಂದು ಸ್ವತಃ ಬಲ್ಲವರು ರೂಪಿಸಿದ ಈ ನೆರವಿನಿಂದಾಗಿಯೇ, ಬಿಗಿದ ದೇಹದವರೂ ವಯಸ್ಸಾದವರೂ ಆಸನದ ಫಲವನ್ನು ಮೊದಲ ದಿನದಿಂದಲೇ ಪಡೆಯಲು ಸಾಧ್ಯವಾಗಿದೆ. ನಮ್ಮ ತರಗತಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕುರ್ಚಿಯ ಮೇಲೆ ಕುಳಿತೇ ಬೆನ್ನನ್ನು ತಿರುಚುವ ಆಸನವನ್ನು ಮಾಡುತ್ತಿದ್ದರು, ಮತ್ತು ಅವರ ಬೆನ್ನಿನ ಅಚ್ಚುಕಟ್ಟು ನನ್ನದಕ್ಕಿಂತ ಮೇಲಿತ್ತು.

ನೋವು ಇಳಿದ ಬಗೆ ನಾನು ಎಣಿಸಿದಂತೆ ಇರಲಿಲ್ಲ. ಒಂದು ದಿನ ಇದ್ದದ್ದು ಮರುದಿನ ಮಾಯವಾಗಲಿಲ್ಲ. ಮೊದಲು ಬೆಳಗ್ಗೆ ಹಾಸಿಗೆಯಿಂದ ಏಳುವಾಗಿನ ಬಿಗಿತ ಕಡಿಮೆಯಾಯಿತು. ಅದಾದ ಎಷ್ಟೋ ದಿನಗಳ ಮೇಲೆ ಕುರ್ಚಿಯಿಂದ ಏಳುವುದು ಹಗುರವಾಯಿತು. ಬಹಳ ತಡವಾಗಿ, ದೀರ್ಘ ಪ್ರಯಾಣದ ನಂತರ ಹಿಡಿಯುತ್ತಿದ್ದ ಸೆಳೆತ ಸಡಿಲವಾಯಿತು. ನಡುನಡುವೆ ನೋವು ಮರುಕಳಿಸಿದ್ದೂ ಉಂಟು. ಅಂಥ ದಿನಗಳಿಗಾಗಿ ಶಿಕ್ಷಕಿ ಕಲಿಸಿಕೊಟ್ಟ ವಿವೇಕ ಬಹಳ ಉಪಯುಕ್ತವಾದದ್ದು. ಸ್ನಾಯುವಿನ ನಡುಭಾಗದಲ್ಲಿ ಹರಡಿಕೊಂಡಂತೆ ಅನ್ನಿಸುವ, ಉಸಿರು ಬಿಟ್ಟಾಗ ಕರಗುತ್ತ ಬರುವ ಸೆಳೆತವನ್ನು ಸಹಿಸಬಹುದು. ಕೀಲಿನಲ್ಲಿ ಚುಚ್ಚುವ, ಕಾಲಿನುದ್ದಕ್ಕೆ ಮಿಂಚಿನಂತೆ ಹರಿಯುವ, ಜೋಮು ಹಿಡಿಸುವ ನೋವು ಬಂದರೆ ಆ ಕ್ಷಣವೇ ಆಸನದಿಂದ ಹೊರಬರಬೇಕು. ಉಸಿರು ತಡೆತಡೆದು ಬರುತ್ತಿದ್ದರೆ, ಮುಖ ಬಿಗಿದಿದ್ದರೆ, ಹಲ್ಲು ಕಚ್ಚಿದ್ದರೆ ದೇಹ ತನ್ನ ಮಿತಿಯನ್ನು ದಾಟಿದೆ ಎಂದೇ ಅರ್ಥ. ಉಸಿರನ್ನು ಅಳತೆಗೋಲಾಗಿ ಬಳಸುವುದನ್ನು ನಾನು ಮೊದಲು ಕಲಿತದ್ದು ಹೀಗೆ, ಆಸನದ ಒಳಗೆ.

ಪತಂಜಲಿಯ ಯೋಗಸೂತ್ರಗಳಲ್ಲಿ ಆಸನವನ್ನು ಕುರಿತು ಇರುವುದು ಕೆಲವೇ ಸೂತ್ರಗಳು. ಆಸನವು ಸ್ಥಿರವೂ ಸುಖವೂ ಆಗಿರಬೇಕು ಎಂದು ಒಂದು ಹೇಳಿದರೆ, ಅದರ ಮುಂದಿನದು ಅದು ಸಿದ್ಧಿಸುವ ದಾರಿಯಾಗಿ ಮೊದಲು ಹೆಸರಿಸುವುದು ಪ್ರಯತ್ನಶೈಥಿಲ್ಯವನ್ನು, ಎಂದರೆ ಪ್ರಯತ್ನವನ್ನು ಸಡಿಲಿಸುವುದನ್ನು. ವೀರಭದ್ರಾಸನದಲ್ಲಿ ತೊಡೆಗಳು ನಡುಗುತ್ತಿರುವಾಗ ಶಿಕ್ಷಕಿ ಪಕ್ಕಕ್ಕೆ ಬಂದು, “ಕಾಲು ಕೆಲಸ ಮಾಡಲಿ, ಗಂಟಲು ಯಾಕೆ ಕೆಲಸ ಮಾಡಬೇಕು? ಅದನ್ನು ಬಿಡಿ” ಎನ್ನುತ್ತಿದ್ದರು. ಆಗ ನೋಡಿಕೊಂಡರೆ ಗಂಟಲು, ದವಡೆ, ಹುಬ್ಬುಗಳ ನಡುವಿನ ಚರ್ಮ ಎಲ್ಲವೂ ಬಿಗಿದುಕೊಂಡಿರುತ್ತಿದ್ದವು. ಕೆಲಸಕ್ಕೆ ಬೇಕಾದ ಸ್ನಾಯುವನ್ನು ದುಡಿಸಿ ಬೇಡದ್ದನ್ನು ಬಿಟ್ಟುಕೊಡುವುದು ಹೇಳಿದಷ್ಟು ಸುಲಭವಲ್ಲ. ಆದರೆ ಅದು ಒಮ್ಮೆ ಸಾಧ್ಯವಾದಾಗ, ಅದೇ ಆಸನದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು, ಮೊದಲಿಗಿಂತ ಕಡಿಮೆ ದಣಿವಿನಿಂದ ನಿಲ್ಲಬಹುದೆಂಬುದು ಅನುಭವಕ್ಕೆ ಬರುತ್ತದೆ. ಕರಡು ತಿದ್ದುವಾಗಲೂ ನಾನು ದವಡೆ ಕಚ್ಚಿಕೊಂಡೇ ಕುಳಿತಿರುತ್ತೇನೆ ಎಂಬುದು ಇದಾದ ಕೆಲವು ದಿನಗಳಲ್ಲಿ ಗೊತ್ತಾಯಿತು. ದೇಹದ ಬಿಗಿತವೂ ಮನಸ್ಸಿನ ಬಿಗಿತವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು.

ಪ್ರಾಣಾಯಾಮವನ್ನು ಅವರು ಕಲಿಸಿದ್ದು ಆಸನಗಳಲ್ಲಿ ಬೆನ್ನು ಸ್ವಲ್ಪ ನೆಟ್ಟಗಾದ ಮೇಲೆ. ಆರಂಭದಲ್ಲಿ ಎಣಿಕೆಯಿಲ್ಲ, ತಡೆಯುವುದಿಲ್ಲ. ಬೆನ್ನ ಮೇಲೆ ಮಲಗಿ ಒಂದು ಕೈಯನ್ನು ಹೊಟ್ಟೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟು ಯಾವುದು ಮೊದಲು ಏಳುತ್ತದೆ ಎಂದು ನೋಡುವುದು ಅಷ್ಟೆ. ನನ್ನಲ್ಲಿ ಎದೆಯ ಮೇಲಿನ ಕೈ ಮಾತ್ರ ಅಲುಗುತ್ತಿತ್ತು. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಗುಮ್ಮಟದಾಕಾರದ ಸ್ನಾಯು ಉಸಿರಾಟದ ಮುಖ್ಯ ಸ್ನಾಯು. ಅದು ಕೆಳಕ್ಕಿಳಿದಾಗ ಶ್ವಾಸಕೋಶ ಹಿಗ್ಗುತ್ತದೆ, ಹೊಟ್ಟೆ ಮೆಲ್ಲನೆ ಮುಂದಕ್ಕೆ ಬರುತ್ತದೆ. ಹೊಟ್ಟೆಯನ್ನು ಒಳಗೆಳೆದುಕೊಂಡು ಗೂನಾಗಿ ಕೂರುವವರಲ್ಲಿ ವಪೆ ಪೂರ್ತಿಯಾಗಿ ಇಳಿಯಲು ಎಡೆಯಿರುವುದಿಲ್ಲ, ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಸಂಜೆಯ ಹೊತ್ತಿಗೆ ಕುತ್ತಿಗೆ ಸೋತುಹೋಗುವುದಕ್ಕೆ ಪರದೆಯೊಂದೇ ಕಾರಣವಲ್ಲ ಎಂಬುದು ಹೀಗೆ ತಿಳಿಯಿತು.

ಹೊಟ್ಟೆಯ ಉಸಿರು ರೂಢಿಯಾದ ಮೇಲೆ, ಬಿಡುವ ಉಸಿರನ್ನು ತೆಗೆದುಕೊಳ್ಳುವ ಉಸಿರಿಗಿಂತ ಉದ್ದ ಮಾಡುವ ಅಭ್ಯಾಸ ಬಂತು. ನನ್ನ ಇಡೀ ಅನುಭವದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ಉಸಿರು ಒಳಬರುವಾಗ ಹೃದಯಬಡಿತ ತುಸು ಚುರುಕಾಗುತ್ತದೆ, ಹೊರಹೋಗುವಾಗ ತುಸು ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜೀರ್ಣಾಂಗಗಳವರೆಗೆ ಹಬ್ಬಿರುವ ವೇಗಸ್ ನರದ ಹಿಡಿತ ಉಸಿರು ಬಿಡುವಾಗ ಹೆಚ್ಚುವುದರಿಂದ ಹೀಗಾಗುತ್ತದೆ. ಹೃದಯದ ಬಡಿತಕ್ಕೆ ನಾವು ಆಜ್ಞೆ ಮಾಡಲಾರೆವು, ರಕ್ತದೊತ್ತಡಕ್ಕೆ ಹೇಳಲಾರೆವು, ಜೀರ್ಣಕ್ರಿಯೆಯನ್ನು ನಡೆಸಲಾರೆವು. ಆದರೆ ಉಸಿರಾಟ ತಾನಾಗಿಯೂ ನಡೆಯುತ್ತದೆ, ನಾವು ಬಯಸಿದಂತೆಯೂ ನಡೆಯುತ್ತದೆ. ನಮ್ಮ ಹತೋಟಿಯಲ್ಲಿಲ್ಲದ ಒಳಮನೆಗೆ ಕೈ ಚಾಚಲು ತೆರೆದಿರುವ ಕಿಟಕಿ ಅದು. ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. 2001ರಲ್ಲಿ ಇಟಲಿಯ ಸಂಶೋಧಕರು, ಜಪಮಾಲೆ ಹಿಡಿದು ಹೇಳುವ ಲ್ಯಾಟಿನ್ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಪಠಿಸಿದವರ ಉಸಿರಾಟವನ್ನು ಅಳೆದಾಗ, ಎರಡರಲ್ಲಿಯೂ ಅದು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದದ್ದನ್ನೂ, ರಕ್ತದೊತ್ತಡವನ್ನು ಸಮತೋಲನದಲ್ಲಿಡುವ ದೇಹದ ಸ್ವಯಂಚಾಲಿತ ವ್ಯವಸ್ಥೆ ಆ ಲಯದಲ್ಲಿ ಹೆಚ್ಚು ಚುರುಕಾದದ್ದನ್ನೂ ಕಂಡರು. ಬೇರೆ ಬೇರೆ ಕಾಲ, ಬೇರೆ ಬೇರೆ ಶ್ರದ್ಧೆಗಳ ಜನ ತಮ್ಮ ತಮ್ಮ ದಾರಿಯಲ್ಲಿ ಒಂದೇ ಲಯವನ್ನು ಮುಟ್ಟಿದ್ದಾರೆ ಎಂಬುದು ನನ್ನನ್ನು ಆಳವಾಗಿ ತಟ್ಟಿದ ಸಂಗತಿ.

ಮುಂದೆ ನಾಡೀಶೋಧನ ಬಂತು. ಬಲಗೈಯ ತೋರುಬೆರಳು, ನಡುಬೆರಳುಗಳನ್ನು ಅಂಗೈಗೆ ಮಡಿಸಿ, ಹೆಬ್ಬೆರಳಿನಿಂದ ಬಲ ಹೊಳ್ಳೆಯನ್ನು ಮುಚ್ಚಿ ಎಡದಿಂದ ಉಸಿರೆಳೆಯುವುದು. ಉಂಗುರಬೆರಳಿನಿಂದ ಎಡವನ್ನು ಮುಚ್ಚಿ ಬಲದಿಂದ ಬಿಡುವುದು. ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಕುಂಭಕವನ್ನು, ಅಂದರೆ ಉಸಿರನ್ನು ತಡೆದು ನಿಲ್ಲಿಸುವುದನ್ನು, ಶಿಕ್ಷಕಿ ಬಹಳ ಕಾಲ ಹತ್ತಿರ ಸೇರಿಸಲಿಲ್ಲ. ಉಸಿರು ಮುಟ್ಟಿದರೆ ಮುರಿಯುವ ವಸ್ತು, ಅದರೊಂದಿಗೆ ಸ್ಪರ್ಧೆ ಮಾಡಬಾರದು ಎಂಬುದು ಅವರ ನಿಲುವು. ಭ್ರಾಮರಿಯಲ್ಲಿ ತುಟಿ ಮುಚ್ಚಿ ದುಂಬಿಯಂತೆ ಝೇಂಕರಿಸುತ್ತಾ ಉಸಿರು ಬಿಡುವಾಗ ಹಣೆ, ಮೂಗು, ತಲೆಬುರುಡೆಯೆಲ್ಲ ಕಂಪಿಸುತ್ತದೆ, ಬಿಡುವ ಉಸಿರು ತಾನಾಗಿಯೇ ಉದ್ದವಾಗುತ್ತದೆ. ಸುಮ್ಮನೆ ಉಸಿರು ಬಿಡುವುದಕ್ಕೆ ಹೋಲಿಸಿದರೆ ಝೇಂಕರಿಸುವಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಮುಖದ ಎಲುಬಿನ ಟೊಳ್ಳುಗಳಲ್ಲಿ ಗಾಳಿಯ ವಿನಿಮಯ ಚೆನ್ನಾಗಿ ನಡೆಯುತ್ತದೆ ಎಂಬುದರ ಗುರುತು ಅದು. ನನಗಂತೂ ಭ್ರಾಮರಿಯಿಂದ ಆದ ಮೊದಲ ಉಪಕಾರ ಸರಳವಾದದ್ದು. ಆ ನಾದ ಕಿವಿಯೊಳಗೆ ತುಂಬಿಕೊಂಡಿರುವಷ್ಟು ಹೊತ್ತು ಬೇರೆ ಮಾತುಗಳಿಗೆ ತಲೆಯಲ್ಲಿ ಜಾಗವಿರುವುದಿಲ್ಲ.

ನಿದ್ರೆ ಸುಧಾರಿಸಿದ್ದು ಇಲ್ಲಿಂದ ಮುಂದೆ. ತರಗತಿಯ ಕೊನೆಯ ಶವಾಸನದಲ್ಲಿ ಮೊದಮೊದಲು ನನ್ನ ಮನಸ್ಸು ಸುಮ್ಮನಿರುತ್ತಿರಲಿಲ್ಲ. ದೇಹ ನೆಲದ ಮೇಲೆ ಚಾಚಿಕೊಂಡಿದ್ದರೂ ಯೋಚನೆಗಳು ಮರುದಿನದ ಕೆಲಸದಲ್ಲಿ ತಿರುಗುತ್ತಿದ್ದವು. ಯೋಚನೆಯನ್ನು ಓಡಿಸಲು ಹೋಗಬೇಡಿ, ಬಲಪಾದದ ಹೆಬ್ಬೆರಳಿನಿಂದ ಆರಂಭಿಸಿ ಒಂದೊಂದೇ ಅಂಗದ ಕಡೆಗೆ ಗಮನ ಹರಿಸಿ, ಅದು ನೆಲಕ್ಕೆ ತನ್ನ ಭಾರವನ್ನು ಕೊಡುತ್ತಿದೆಯೇ ನೋಡಿ, ಗಮನ ಜಾರಿದ್ದು ತಿಳಿದಾಗ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಸಿ ಎಂದು ಶಿಕ್ಷಕಿ ಹೇಳಿಕೊಟ್ಟರು. ಇದನ್ನೇ ರಾತ್ರಿ ಹಾಸಿಗೆಯಲ್ಲಿ, ಎಚ್ಚರವಾದ ಹೊತ್ತಿನಲ್ಲಿ ಮಾಡತೊಡಗಿದೆ. ನಿದ್ರೆಯನ್ನು ಬಲವಂತವಾಗಿ ಕರೆಯುವ ಪ್ರಯತ್ನ ತಪ್ಪಿತು. ಬಂದರೆ ಬರಲಿ, ಬಾರದಿದ್ದರೆ ದೇಹವಾದರೂ ವಿಶ್ರಾಂತಿ ಪಡೆಯಲಿ ಎಂಬ ಭಾವ ನೆಲೆಗೊಂಡಿತು. ಬಹುಪಾಲು ರಾತ್ರಿಗಳಲ್ಲಿ ಗಮನ ಮಂಡಿಯನ್ನು ದಾಟುವುದಕ್ಕೆ ಮೊದಲೇ ನಿದ್ರೆ ಬರುವಂತಾಯಿತು. ಈಗಲೂ ನಿದ್ರೆ ಕೆಡುವ ರಾತ್ರಿಗಳಿವೆ, ಆದರೆ ಅವುಗಳ ಬಗೆಗಿನ ಭಯ ಹೋಗಿದೆ, ಮತ್ತು ನಿದ್ರೆಗೇಡಿನ ಅರ್ಧದಷ್ಟು ಬಾಧೆ ಆ ಭಯದ್ದೇ ಆಗಿತ್ತು.

ಹಗಲಿನ ಮನಸ್ಸಿನಲ್ಲಿ ಆದ ಬದಲಾವಣೆಯನ್ನು ಹೇಳುವುದು ಇದಕ್ಕಿಂತ ಕಷ್ಟ, ಏಕೆಂದರೆ ಅದಕ್ಕೆ ಅಳತೆಗೋಲಿಲ್ಲ. ಸಿಟ್ಟು ಬರುವುದು ನಿಂತಿಲ್ಲ. ಸಿಟ್ಟು ಬರುವ ಮೊದಲು ಹೊಟ್ಟೆ ಬಿಗಿದು ಉಸಿರು ಎದೆಗೇರುತ್ತದೆ ಎಂಬುದು ಈಗ ಗೊತ್ತಾಗುತ್ತದೆ. ಗೊತ್ತಾದಾಗ, ಒಂದು ಉಸಿರನ್ನು ಪೂರ್ತಿಯಾಗಿ ಬಿಡುವಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಆಡಬೇಕಾದ ಮಾತು ಬೇರೆಯಾಗಿರುತ್ತದೆ, ಕೆಲವೊಮ್ಮೆ ಮಾತೇ ಬೇಡವೆನಿಸುತ್ತದೆ. ಮನಸ್ಸನ್ನು ಮನಸ್ಸಿನಿಂದಲೇ ಹಿಡಿಯಲು ಹೋದಾಗಲೆಲ್ಲ ಅದು ಜಾರಿಹೋಗಿದೆ. ಹೊಟ್ಟೆಯ ಬಿಗಿತದ ಮೂಲಕ, ಉಸಿರಿನ ಓಟದ ಮೂಲಕ ಅದು ಕೈಗೆ ಸಿಗುತ್ತದೆ. ಇದು ನನ್ನ ಪಾಲಿಗೆ ಯೋಗದ ಬಹುದೊಡ್ಡ ಉಪಕಾರ.

ಇದರ ನಿಜವಾದ ಪರೀಕ್ಷೆ ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆ ಆದಾಗ ನಡೆಯಿತು. ಆ ಅವಧಿಯಲ್ಲಿ ಆಸನಗಳು ಪೂರ್ತಿಯಾಗಿ ನಿಂತುಹೋದವು. ಚಾಪೆ ಬಿಡಿಸಲು ಜಾಗವೂ ಇರಲಿಲ್ಲ, ಸಮಯವೂ ಇರಲಿಲ್ಲ. ಉಳಿದದ್ದು ಉಸಿರು ಒಂದೇ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತು, ಬೆನ್ನನ್ನು ನೆಟ್ಟಗಿಟ್ಟು, ಬಿಡುವ ಉಸಿರನ್ನು ಉದ್ದ ಮಾಡುತ್ತಾ ಇದ್ದುಬಿಡುತ್ತಿದ್ದೆ. ಆತಂಕ ಇಲ್ಲವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆತಂಕ ಇದ್ದೂ ವೈದ್ಯರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಲು, ಕೇಳಬೇಕಾದ ಪ್ರಶ್ನೆಯನ್ನು ಕೇಳಲು, ತಂಗಿಗೆ ಫೋನಿನಲ್ಲಿ ವಿಷಯವನ್ನು ಗಾಬರಿಗೊಳಿಸದೆ ತಿಳಿಸಲು ಸಾಧ್ಯವಾಯಿತು. ಅಮ್ಮ ಚೇತರಿಸಿಕೊಂಡು, ಅವರ ವೈದ್ಯರೂ ಒಪ್ಪಿದ ಮೇಲೆ, ನಿಧಾನದ ಹೊಟ್ಟೆಯ ಉಸಿರಾಟವನ್ನು ಅವರಿಗೂ ಹೇಳಿಕೊಟ್ಟೆ. “ಇದರಲ್ಲೇನಿದೆ, ಸುಮ್ನೆ ಉಸಿರಾಡೋದು ತಾನೇ” ಎಂದವರು, ಈಗ ಸಂಜೆಯಾದರೆ ತಾವೇ ಕುಳಿತುಕೊಳ್ಳುತ್ತಾರೆ.

ಯೋಗದ ಹೆಸರಿನಲ್ಲಿ ನಡೆಯುವ ಕೆಲವು ಮಾತುಗಳ ಬಗ್ಗೆ ನನಗೆ ಕಳವಳವಿದೆ, ಅದನ್ನು ಇಲ್ಲಿ ಹೇಳಲೇಬೇಕು. ನಮ್ಮ ತರಗತಿಗೆ ಹೊಸದಾಗಿ ಸೇರಿದವರೊಬ್ಬರು, ಯೋಗ ಶುರುವಾಯಿತಲ್ಲ, ಇನ್ನು ಥೈರಾಯ್ಡ್ ಮಾತ್ರೆಯನ್ನು ಬಿಟ್ಟುಬಿಡಬಹುದೇ ಎಂದು ಕೇಳಿದರು. ಅವರಿಗೆ ಯಾರೋ ಹಾಗೆ ಹೇಳಿದ್ದರಂತೆ. ಶಿಕ್ಷಕಿಯ ದನಿ ಗಡುಸಾದದ್ದನ್ನು ನಾನು ಕೇಳಿದ್ದು ಅಂದೇ: ಮಾತ್ರೆಯನ್ನು ಕೊಟ್ಟವರು ವೈದ್ಯರು, ಅದನ್ನು ಬದಲಿಸುವವರೂ ಅವರೇ ಆಗಬೇಕು. ಒತ್ತಡ, ನಿದ್ರೆ, ಬೆನ್ನುನೋವು, ರಕ್ತದೊತ್ತಡಗಳಿಗೆ ಯೋಗ ನೆರವಾಗಬಲ್ಲದು. ಇನ್ಸುಲಿನ್ನಿನ ಜಾಗದಲ್ಲಿ, ಸೋಂಕಿನ ಔಷಧದ ಜಾಗದಲ್ಲಿ, ತೀವ್ರ ಖಿನ್ನತೆಯ ಚಿಕಿತ್ಸೆಯ ಜಾಗದಲ್ಲಿ ಅದು ಕೂರಲಾರದು. 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಆಸನ, ಪ್ರಾಣಾಯಾಮಗಳ ಪರಿಣಾಮವನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಲು ಹೊರಟರು. ಯೋಗದ ಮೇಲೆ ಅಷ್ಟು ಶ್ರದ್ಧೆಯಿದ್ದವರೇ ಅಳತೆಗೆ ಅಂಜಲಿಲ್ಲ. ಅಳೆಯದೆ ದೊಡ್ಡ ಮಾತು ಆಡುವುದರಿಂದ ಯೋಗಕ್ಕೂ ರೋಗಿಗೂ ಕೇಡೇ ಆಗುತ್ತದೆ.

ಈಗ ನನ್ನ ಅಭ್ಯಾಸ ಬೆಳಗಿನದು. ಆರಂಭದಲ್ಲಿ ಮಾರ್ಜಾರಿ, ಆಮೇಲೆ ಹನ್ನೆರಡು ಹಂತಗಳ ಸೂರ್ಯನಮಸ್ಕಾರದ ಕೆಲವು ಸುತ್ತು, ನಿಂತು ಮಾಡುವ ಒಂದೆರಡು ಆಸನ, ಬೆನ್ನಿನ ಬಲಕ್ಕೆ ಶಲಭಾಸನ, ಕೊನೆಗೆ ಪ್ರಾಣಾಯಾಮ ಮತ್ತು ಶವಾಸನ. ಹೊತ್ತು ಇಲ್ಲದ ದಿನ ಆಸನಗಳನ್ನು ಕಡಿಮೆ ಮಾಡುತ್ತೇನೆಯೇ ಹೊರತು ಶವಾಸನವನ್ನು ಬಿಡುವುದಿಲ್ಲ. ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ಮಾತ್ರ ನೆಲೆ ನಿಲ್ಲುತ್ತದೆ ಎಂದು ಪತಂಜಲಿ ಹೇಳುವಲ್ಲಿ ಮೂರನೆಯದಾದ ಆದರವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ದೇಹವನ್ನು ಬೈದುಕೊಳ್ಳುತ್ತಾ ಮಾಡಿದ ದಿನಗಳಲ್ಲಿ ಸೊಂಟ ಬಿಗಿಯಾಗಿಯೇ ಉಳಿದಿದೆ. ಉತ್ತಾನಾಸನದಲ್ಲಿ ಬೆರಳುಗಳು ಈಗ ನೆಲಕ್ಕೆ ತಾಗುತ್ತವೆ, ಅಂಗೈ ತಾಗುವುದಿಲ್ಲ. ಇತ್ತೀಚೆಗೆ ಸರ್ವಾಂಗಾಸನ ಕಲಿಯುವ ಆಸೆಯನ್ನು ಶಿಕ್ಷಕಿಯ ಮುಂದೆ ಇಟ್ಟಾಗ ಅವರು ನನ್ನ ಕುತ್ತಿಗೆಯನ್ನು ಪರೀಕ್ಷಿಸಿ, ಭುಜಗಳು ಇನ್ನೂ ಸಾಕಷ್ಟು ತೆರೆದುಕೊಂಡಿಲ್ಲ, ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ ಎಂದರು. ಆದ್ದರಿಂದ ಸದ್ಯಕ್ಕೆ ಸೊಂಟದ ಕೆಳಗೆ ದಿಂಬಿಟ್ಟು ಕಾಲುಗಳನ್ನು ಗೋಡೆಗೆ ಒರಗಿಸುವ ವಿಪರೀತಕರಣಿಯನ್ನು ಮಾಡುತ್ತಿದ್ದೇನೆ, ಭುಜಗಳಿಗಾಗಿ ಗೋಮುಖಾಸನವನ್ನು ಸೇರಿಸಿಕೊಂಡಿದ್ದೇನೆ. ಬೆನ್ನ ಹಿಂದೆ ಎರಡು ಕೈಗಳ ನಡುವೆ ಇನ್ನೂ ಗೇಣುದ್ದದ ಪಟ್ಟಿ ಬೇಕಾಗುತ್ತದೆ.